ದೇವರ ಪಾಲಿನ ಅರ್ಧ ಪಾವು

ಅಮ್ಮ ತಲೆ ಸುತ್ತಿ ಬಚ್ಚಲಲ್ಲಿ ಬೀಳಬಹುದಿತ್ತು. ಸಕ್ಕರೆಯಿಲ್ಲದ ಕಾಫಿ ಕುಡಿದು ನನ್ನ ಹೆಂಡತಿ ಮಾಲತಿ ನನ್ನೊಡನೆ ಮಾತು ಬಿಡಬಹುದಿತ್ತು. ಮಗಳು ಪೂರ್ಣಿ ಕಾಲೇಜಿನಿಂದ ಬರುವಾಗ ಬೀದಿ ಮೂಲೆಯಲ್ಲಿ ಪರೋಟ ತಿಂದು, ತಿಂದಿಲ್ಲ ಎನ್ನಬಹುದಿತ್ತು. ಅನ್ನ ಬಿಟ್ಟ ನಾನು ಶೋಳಿಂಗನಲ್ಲೂರಿಗೆ ಹೋಗುವ ಆಫೀಸ್ ಕ್ಯಾಬಿನಲ್ಲಿ ಪಕ್ಕದವರ ಭುಜದ ಮೇಲೆ ಮೂರ್ಛೆ ಹೋಗಬಹುದಿತ್ತು. ಕೆಡಬಹುದಾದದ್ದನ್ನೆಲ್ಲ ಮೊದಲೇ ಯೋಚಿಸಿಟ್ಟರೆ ಯಾವುದೂ ಕೆಡುವುದಿಲ್ಲ ಎಂಬುದು ನನ್ನ ನಂಬಿಕೆ. ಹಾಗೆ ಯೋಚಿಸಿದ ಒಂದೂ ನಡೆಯಲಿಲ್ಲ ಎನ್ನಿ.

ಈ ಪಥ್ಯ ಶುರುವಾದದ್ದು ಅಮ್ಮನಿಂದ. ಅವಳ ರಿಪೋರ್ಟ್ ನೋಡಿದ ಡಾಕ್ಟರು, "ಮೂಣು ಮಾಸಂ ಪಾಕ್ಕಲಾಂ, ಮಾಮಿ" ಎಂದರು. ಮೂರು ತಿಂಗಳು ನೋಡುವುದು. ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್. ವಡಪಳನಿಯ ಮನೆಗೆ ವಾಪಸು ಬರುವಾಗ ಆಟೋದಲ್ಲಿ ಅಮ್ಮ ನನ್ನ ತೋಳು ಹಿಡಿದುಕೊಂಡಳು.

"ಸೂಜಿ ಮಾತ್ರ ಬೇಡ ಕಣೋ. ನಿಮ್ಮಪ್ಪನಿಗೆ ದಿನಾ ಚುಚ್ಚಿದವಳು ನಾನು. ನೋಡಿದ್ದು ಸಾಕು."

ಅವಳೊಬ್ಬಳೇ ಪಥ್ಯ ಮಾಡಿದರೆ ಬೇಜಾರಾಗುತ್ತದೆಂದು ಎಲ್ಲರೂ ಸೇರಿಕೊಂಡೆವು. ಸಕ್ಕರೆ ಡಬ್ಬ ಕೆಲಸದ ಸೆಲ್ವಿಯ ಮನೆಗೆ ಹೋಯಿತು. ಅವಳ ಮನೆಯವರ ಶುಗರಿನ ಚಿಂತೆ ನನಗೆ ಆಮೇಲೆ ಹತ್ತಿತು. ಅನ್ನದ ಜಾಗಕ್ಕೆ ಹೂಕೋಸಿನ ತುರಿ ಬಂತು. ಆಗ ಎದ್ದಿತು ನೋಡಿ, ಪ್ರಶ್ನೆ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮಾಧ್ವರು ನಾವು. ಅಮ್ಮ ನೈವೇದ್ಯವಾಗದ್ದನ್ನು ಬಾಯಿಗಿಡುವವಳಲ್ಲ. ಹೂಕೋಸು ಅವಳ ನೈವೇದ್ಯಕ್ಕೆ ಸಲ್ಲುವುದಿಲ್ಲ.

"ದೇವರಿಗೇನು ಶುಗರ್ರಾ?" ಎಂದಳು. "ಅವನಿಗೆ ಯಾವತ್ತಿನ ಹಾಗೆ ಅರ್ಧ ಪಾವು ಅಕ್ಕಿ ಇಡ್ತೀನಿ. ನನಗೆ ಪಲ್ಯ, ಮಜ್ಜಿಗೆ ಸಾಕು."

ಅರ್ಧ ಪಾವು ನಮ್ಮಜ್ಜಿಯ ಕಾಲದ ಅಳತೆ. ಪೂಜೆ ಮಾಡಬೇಕಾದವನು ನಾನು. ಕ್ಯಾಬಿನ ನೆಪ ಹೇಳಿ ಅದನ್ನು ಅಮ್ಮನ ತಲೆಗೆ ಕಟ್ಟಿದವನು ಅಳತೆ ತಗ್ಗಿಸುವ ಮಾತನ್ನು ಯಾವ ಬಾಯಲ್ಲಿ ಎತ್ತಲಿ?

ರಾತ್ರಿ ನಾವು ಊಟಕ್ಕೆ ಕೂತಾಗ ಅಮ್ಮ ಪ್ರಸಾದದ ಪಾತ್ರೆ ಹಿಡಿದು ಬರುವಳು. "ಕೈ ಒಡ್ಡೋ."

"ಒಂದಗುಳು ಸಾಕಮ್ಮ, ಪಥ್ಯ."

ಮಾಲತಿಯದೂ ಒಂದಗುಳು. ಪೂರ್ಣಿಗೆ ಅದೂ ಬೇಡ, "ವೇಣಾಂ ಅಜ್ಜಿ, ಕಾರ್ಬ್ಸ್!" ಆ ಒಂದಗುಳನ್ನು ಕಣ್ಣಿಗೊತ್ತಿಕೊಂಡು ನುಂಗುವಾಗ ನನ್ನ ಸಂಯಮಕ್ಕೆ ನಾನೇ ತಲೆದೂಗುತ್ತಿದ್ದೆ. ಬೆಳಗಾದರೆ ಪಾತ್ರೆ ಖಾಲಿ. ಕಾಗೆಗೆ ಹಾಕುತ್ತಾಳೆ ಎಂದುಕೊಂಡೆ. ಬಾಲ್ಕನಿಗೆ ಬರುವ ಕಾಗೆಗಳು ದಪ್ಪಗಾದಂತೆ ಕಂಡು, ಅವಕ್ಕೂ ಶುಗರ್ ಬಂದೀತೇ ಎಂದು ಒಂದು ದಿನ ಯೋಚಿಸಿದ್ದೂ ಉಂಟು.

ಮೂರು ತಿಂಗಳಾಯಿತು. ನನ್ನ ಬೆಲ್ಟಿಗೆ ಹೊಸ ತೂತು ಬಿತ್ತು. ಮಾಲತಿಯ ಮಂಡಿನೋವು ಇಳಿಯಿತು. ಅಮ್ಮನ ಸಕ್ಕರೆ ಏರಿತ್ತು.

ಡಾಕ್ಟರು ನಾನೇ ಕದ್ದು ಜಿಲೇಬಿ ತಿನ್ನಿಸಿದವನಂತೆ ನೋಡಿದರು. ಲ್ಯಾಬಿನವರು ರಕ್ತ ಅದಲು ಬದಲು ಮಾಡಿರಬಹುದೇ ಎಂದು ಕೇಳಿದೆ. ಅವರು ಇನ್ನೊಂದು ತಿಂಗಳು ಗಡುವು ಕೊಟ್ಟರು.

ಮನೆಗೆ ಬಂದ ಮೇಲೆ ಮಾಲತಿಗೇ ಹೊಳೆದದ್ದು. "ಅತ್ತೆ, ದಿನಾ ಪ್ರಸಾದ ಏನ್ ಮಾಡ್ತೀರಿ?"

"ಏನ್ ಮಾಡೋದು? ಮೊದಲು ನಾಲ್ಕು ಜನ ಸೇರಿ ಮುಗಿಸ್ತಿದ್ವಿ. ನೀವೆಲ್ಲ ಒಂದಗುಳಿಗೆ ಇಳಿದ್ರಿ. ಕಾಗೆಗೊಂದು ತುತ್ತು. ಮಿಕ್ಕಿದ್ದನ್ನ ತಂಗಳಿಡೋ ಹಾಗಿಲ್ಲ, ಎಸೆಯಕ್ಕಾಗತ್ತಾ? ನೀವೆಲ್ಲ ಎದ್ದ ಮೇಲೆ ಅಡುಗೆಮನೇಲಿ ನಾನೇ ತಿಂದೆ."

"ಅಮ್ಮಾ, ಅನ್ನ ಬಿಟ್ಟಿದ್ದೀನಿ ಅಂದ್ಯಲ್ಲ!"

"ಬಿಟ್ಟೇ ಇದೀನಿ. ಇದು ಪ್ರಸಾದ ಕಣೋ."

ಅವಳ ಮುಖದಲ್ಲಿ ತಪ್ಪು ಮಾಡಿದವರ ಅಳುಕು ಎಳ್ಳಷ್ಟೂ ಇರಲಿಲ್ಲ. ಇರಬೇಕಾದದ್ದು ಯಾರ ಮುಖದಲ್ಲಿ ಎಂದು ನಾನು ಯೋಚಿಸಿದೆ. ಅವಳಿಗೆ ಜೊತೆಯಾಗಲೆಂದು ಬಿಟ್ಟ ನಮ್ಮ ಮೂವರ ಪಾಲೂ ಅವಳೊಬ್ಬಳ ಹೊಟ್ಟೆ ಸೇರಿತ್ತು.

ಈಗ ರಾತ್ರಿ ಅರ್ಧ ಪಾವಿನ ಅನ್ನ ನಾಲ್ಕು ಪಾಲಾಗುತ್ತದೆ, ಅಮ್ಮನದು ಎಲ್ಲಕ್ಕಿಂತ ಚಿಕ್ಕದು. ಒಬ್ಬರ ಆರೋಗ್ಯಕ್ಕಾಗಿ ಇನ್ನೊಬ್ಬರು ಅನ್ನ ಬಿಡಬೇಕೋ ತಿನ್ನಬೇಕೋ ನನಗಿನ್ನೂ ಬಗೆಹರಿದಿಲ್ಲ. ಪೂರ್ಣಿಗಂತೂ ತನ್ನ ಫೋನಿನ ಕ್ಯಾಲೊರಿ ಲೆಕ್ಕದಲ್ಲಿ ಇದನ್ನು ಎಲ್ಲಿ ಬರೆಯಬೇಕೆಂಬುದೇ ತಿಳಿಯದು. "ಸುಮ್ನೆ ತಿನ್ನೇ" ಎನ್ನುತ್ತಾಳೆ ಅಜ್ಜಿ.

ನಿನ್ನೆ ಅಮ್ಮ ತನ್ನ ತುತ್ತು ಮುಗಿಸಿ ನನ್ನ ಅಂಗೈಯನ್ನೇ ನೋಡಿದಳು.

"ನಿನಗೇ ಜಾಸ್ತಿ ಬಂತಲ್ಲೋ?"

ನಾನು ಗಬಕ್ಕನೆ ಎಲ್ಲವನ್ನೂ ಬಾಯಿಗೆ ಹಾಕಿಕೊಂಡೆ.