ದೊಡ್ಡಮ್ಮನ ಎರಡು ಬೆರಳು

ಪಕ್ಕದ ಮನೆಯಿಂದ ಜೋಳದ ರೊಟ್ಟಿ ಸೀಯುವ ವಾಸನೆ ಬರುತ್ತಿದೆ. ಚಿತ್ರದುರ್ಗದ ಈ ಬೀದಿಯಲ್ಲಿ ಕಿಟಕಿಗಳು ಎಷ್ಟು ಹತ್ತಿರವೆಂದರೆ, ಯಾರ ಮನೆಯಲ್ಲಿ ಏನು ಸೀದರೂ ಎಲ್ಲರಿಗೂ ಗೊತ್ತು. ನಿಮಗೆ ಈ ವಾಸನೆಯಿಂದ ಹಸಿವಾಗಬಹುದು. ನನಗೆ ಮಂಪರು ಬರುತ್ತದೆ. ಕಣ್ಣು ಮುಚ್ಚಿದರೆ ಸಾಕು, ತಾಳ್ಯದ ಹಳ್ಳಿಮನೆಯಲ್ಲಿ ದೊಡ್ಡಮ್ಮನ ಒಲೆಯ ಮುಂದೆ ಹೋಗಿ ಕೂತಿರುತ್ತೇನೆ.

ದೊಡ್ಡಮ್ಮ ಬರಿಗೈಯಲ್ಲೇ ರೊಟ್ಟಿ ಮಗುಚುತ್ತಿದ್ದಳು. ಅದೇನು ದೊಡ್ಡದು, ನಮ್ಮ ಕಡೆ ಎಲ್ಲರೂ ಹಾಗೇ ತಾನೇ ಅನ್ನುತ್ತೀರಿ. ಉಳಿದವರು ಕೈ ತಾಗಿಸಿ ಚಟಕ್ಕನೆ ತೆಗೆಯುತ್ತಾರೆ. ಈಕೆ ಅಂಗೈಯ ಅಂಚನ್ನು ಹೆಂಚಿನ ಮೇಲಿನ ಬಿಸಿ ರೊಟ್ಟಿಗೆ ಊರಿಕೊಂಡೇ ನಮ್ಮೊಡನೆ ಮಾತು ಮುಗಿಸಿ, ಆಮೇಲೆ ಮಗುಚುವಳು. ನೆಂಟರು ಬಂದಾಗ ದೊಡ್ಡಪ್ಪ, "ಇವಳ ಕೈ ನೋಡ್ರಿ, ಬೆಂಕಿಗೂ ಬಗ್ಗಲ್ಲ" ಎಂದು ಬೀಗುತ್ತಿದ್ದ. ಕಾಲೇಜು ಸೇರಿದ ಹೊಸದರಲ್ಲಿ ನಾನೂ ಶೌರ್ಯ ತೋರಿಸಲು ಹೋಗಿ, ರೊಟ್ಟಿಯನ್ನು ಬೂದಿಗೆ ಎಸೆದು, ಬೆರಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂತಿದ್ದೆ.

ಆ ಮನೆಯ ಮಧ್ಯಾಹ್ನಗಳಿಗೆ ಅವಸರವೇ ಇರಲಿಲ್ಲ. ಕುರಿಗಳು ಮೇಯಲು ಹೋಗಿ ರೊಪ್ಪ ಬರಿದಾಗಿರುತ್ತಿತ್ತು. ದೊಡ್ಡಮ್ಮ ಜಗಲಿಯಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ನೋಡುತ್ತಾ ನೋಡುತ್ತಾ ನನಗೆ ನಿದ್ದೆ ಬರುತ್ತಿತ್ತು. ಅವಳಿಗೆ ಆ ಕೆಲಸವೆಂದರೆ ಪ್ರಾಣ.

ಅಂಥದೊಂದು ಮಧ್ಯಾಹ್ನ, ಮೈಮೇಲಿನ ಮಚ್ಚೆಗಳನ್ನು ವಿಚಾರಿಸುತ್ತಾ ಮನೆಮನೆ ಸುತ್ತುತ್ತಿದ್ದ ಊರಿನ ಆಶಾ ಕಾರ್ಯಕರ್ತೆ ನಮ್ಮ ಜಗಲಿಗೂ ಬಂದಳು. ನೀರು ಕುಡಿದು ಚೊಂಬು ಕೆಳಗಿಟ್ಟು, "ಅಕ್ಕಾ, ಕಿರುಬೆರಳಿಗೆ ಈ ಬೊಬ್ಬೆ ಯಾವಾಗ ಬಂತು?" ಎಂದಳು.

"ಯಾವುದು? ಗೊತ್ತೇ ಆಗಿಲ್ಲ ನೋಡವ್ವ." ದೊಡ್ಡಮ್ಮ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

ಆಶಾ ಕಾರ್ಯಕರ್ತೆ ದೊಡ್ಡಮ್ಮನ ಕಣ್ಣು ಮುಚ್ಚಿಸಿ, ಉಣ್ಣೆಯ ಎಳೆಯೊಂದನ್ನು ಆ ಕೈಯ ಬೆರಳುಗಳಿಗೆ ಹೆಬ್ಬೆರಳಿನಿಂದ ಒಂದೊಂದಾಗಿ ತಾಗಿಸಿದಳು. ಮೊದಲ ಮೂರನ್ನು ದೊಡ್ಡಮ್ಮ ಸರಿಯಾಗಿ ಹೇಳಿದಳು. ಆಮೇಲೆ ಕಾಯುತ್ತಾ ಕೂತಳು. "ಮುಟ್ಟವ್ವ, ಯಾಕೆ ನಿಲ್ಲಿಸ್ದೆ?" ಎಂದಳು. ಕಡೆಯ ಎರಡು ಬೆರಳನ್ನು ಮುಟ್ಟಿ ಆಗಿತ್ತು.

ಆಸ್ಪತ್ರೆಯಲ್ಲಿ ಕುಷ್ಠ ಎಂದರು. ಗುಳಿಗೆಗೆ ರೋಗ ವಾಸಿಯಾಗುತ್ತದೆ, ಆದರೆ ಜೋಮು ಹಿಡಿದ ಬೆರಳು ಸುಟ್ಟರೂ ಕುಯ್ದರೂ ತಿಳಿಯುವುದಿಲ್ಲ, ಹುಣ್ಣಾಗಿ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ, ದಿನವೂ ನೋಡಿಕೊಳ್ಳಿ, ನೀರಿನಲ್ಲಿ ನೆನೆಸಿ ಎಣ್ಣೆ ಹಚ್ಚಿ, ಬಿಸಿ ಮುಟ್ಟುವಾಗ ಬಟ್ಟೆ ಹಿಡಿಯಿರಿ ಎಂದರು. ನಾವೆಲ್ಲ ಹೊಗಳಿ ಹೊಗಳಿ ಮೆರೆಸಿದ್ದು ಈ ಕಾಯಿಲೆಯನ್ನು.

ದೊಡ್ಡಮ್ಮ ಗುಳಿಗೆ ನುಂಗಿದಳು. ಬಟ್ಟೆ ಮಾತ್ರ ಮುಟ್ಟಲಿಲ್ಲ. "ಇಷ್ಟು ದಿನ ಇಲ್ಲದ್ದು ಈಗ ಹಿಡಿದ್ರೆ ಊರೆಲ್ಲ ಯಾಕೆ ಅಂತ ಕೇಳ್ತೈತೆ" ಎಂದಳು. ವಾರದೊಳಗೆ ಇನ್ನೊಂದು ಬೊಬ್ಬೆ ಎದ್ದಿತು. ನನಗೆ ನಿಜಕ್ಕೂ ಭಯವಾಯಿತು. ಆ ಬೆರಳುಗಳು ಹೋದರೆ ಅವಳು ಜಗಲಿಯಲ್ಲಿ ಸುಮ್ಮನೆ ಕೂತು ಏನು ಮಾಡಿಯಾಳು?

ಕುರಿ ಮನೆಗೆ ಬಂದ ಮೇಲೆ ಒಂದೊಂದರ ಕಾಲೆತ್ತಿ ಗೊರಸಿನ ಸಂದಿಯಲ್ಲಿ ಮುಳ್ಳು, ಹುಣ್ಣು ನೋಡುವುದು ದೊಡ್ಡಪ್ಪನ ಪದ್ಧತಿ. ಆ ಸಂಜೆ ಕಡೆಯ ಕುರಿಯನ್ನು ಬಿಟ್ಟು, ಕೈ ತೊಳೆದುಕೊಂಡು ಅಂಗಳದಲ್ಲೇ ಕೂತ. "ಲೇ, ಕೈ ಕೊಡಿಲ್ಲಿ" ಎಂದ.

"ಜನ ನೋಡ್ತಾರೆ, ಸುಮ್ನಿರ್ರಿ."

"ನೋಡ್ಲಿ. ಮುಳ್ಳು ಚುಚ್ಚೈತೆ ಅಂತ ಕುರಿ ಬಂದು ಹೇಳ್ತೈತಾ? ನಾವೇ ನೋಡ್ಬೇಕು."

ಹೆಂಡತಿಯ ಪಕ್ಕ ನಡೆಯುವುದಕ್ಕೂ ನಾಚುತ್ತಿದ್ದ ಮನುಷ್ಯ, ಬೀದಿಗೆ ಕಾಣುವಂತೆ ಅವಳ ಕೈ ಹಿಡಿದು ಬೆರಳುಗಳನ್ನು ಹೊರಳಿಸಿ ಹೊರಳಿಸಿ ನೋಡಿದ. ಮರುದಿನವೂ ನೋಡಿದ. ನೆಂಟರ ಎದುರಿಗೇ, "ಬಟ್ಟೆ ಹಿಡ್ಕಾ" ಎಂದು ತಾನೇ ಒಲೆಯ ಹತ್ತಿರ ತಂದಿಟ್ಟ. ಬೀದಿಯವರು ಕೆಲವು ದಿನ ಕೇಳಿದರು, ಆಮೇಲೆ ಬಿಟ್ಟರು. ದೊಡ್ಡಮ್ಮ ಬಟ್ಟೆ ಹಿಡಿದಳು.

ಪಕ್ಕದ ಮನೆಯ ಒಲೆ ಆರಿರಬೇಕು, ವಾಸನೆ ತೆಳ್ಳಗಾಗಿದೆ. ಮೊನ್ನೆ ತಾಳ್ಯಕ್ಕೆ ಹೋಗಿದ್ದೆ. ದೊಡ್ಡಮ್ಮನ ಐದೂ ಬೆರಳು ನೆಟ್ಟಗಿವೆ, ಈಗಲೂ ನೂಲುತ್ತಾಳೆ. ದೊಡ್ಡಪ್ಪನ ಕಣ್ಣು ಮಂಜಾಗಿದೆ, ಆದ್ದರಿಂದ ಸಂಜೆ ಸವರಿ ನೋಡುತ್ತಾನೆ. ಯಾರ ಕೈಯನ್ನಾದರೂ ನಾನು ಅಷ್ಟು ನಿಧಾನವಾಗಿ ಹಿಡಿದಿದ್ದುಂಟೇ ಎಂದು ಯೋಚಿಸುತ್ತಾ ಕೂತಿದ್ದೆ. ಕಡೆಯ ಎರಡು ಬೆರಳಿಗೆ ಸ್ಪರ್ಶ ಮರಳಿ ಬರಲೇ ಇಲ್ಲ. ಅದು ಮೂವರಿಗೂ ಗೊತ್ತು.

ದೊಡ್ಡಪ್ಪ ಕಿರುಬೆರಳನ್ನು ಮೆಲ್ಲಗೆ ಒತ್ತಿ, "ಇಲ್ಲಿ?" ಎಂದ.

"ಗೊತ್ತಾಗ್ತೈತೆ" ಎಂದಳು ದೊಡ್ಡಮ್ಮ.