ಡೈರಿ ಬಾಗಿಲಿನ ಮಾಸ್ಕು

ಕೊರೊನಾದ ಎರಡನೇ ಅಲೆಯಲ್ಲಿ, ದುದ್ದದ ಹತ್ತಿರದ ಹಳ್ಳಿಯೊಂದರಲ್ಲಿ ಸೋಂಕು ಯಾರಿಂದ ಯಾರಿಗೆ ಬಂತೆಂದು ಬರೆದುಕೊಳ್ಳುವ ಡ್ಯೂಟಿಯನ್ನು ಮೇಷ್ಟರಾದ ನನಗೆ ಹಾಕಿದ್ದರು. ಹಿಂದಿನ ವರ್ಷ ಇಡೀ ಊರಿನಲ್ಲಿ ಒಬ್ಬರನ್ನಷ್ಟೇ ಮಲಗಿಸಿದ್ದ ರೋಗ, ಈ ಸಲ ರೂಪ ಬದಲಿಸಿಕೊಂಡು ಬಂದು ವಾರದೊಳಗೆ ಮನೆಮನೆಗೂ ಹೊಕ್ಕಿತ್ತು.

ನನಗೆ ಬಗೆಹರಿಯದೆ ಉಳಿದವರು ಇಬ್ಬರು ಅಣ್ಣತಮ್ಮಂದಿರು. ಬೇಲಿ ಜಗಳದಿಂದ ಎಷ್ಟೋ ವರ್ಷ ಮಾತು ಬಿಟ್ಟಿದ್ದವರು ಒಂದೇ ದಿನ ಜ್ವರ ಬಂದು ಮಲಗಿದ್ದರು.

"ನಾನು ಅವ್ನ ನೆಳ್ಳೂ ತುಳಿಯಾಕಿಲ್ಲ ಕಣ ಸಾ. ಅವ್ನಿಂದ ನಂಗೆಂಗೆ ಬತ್ತದೆ?" ಎಂದು ಅಣ್ಣ ಕಿಟಕಿಯಿಂದಲೇ ರೇಗಿದ.

ಮರುದಿನ ಬೆಳಿಗ್ಗೆ, ಇಬ್ಬರೂ ದಿನಾ ಹಾಲು ಹಾಕುತ್ತಿದ್ದ ಡೈರಿಗೆ ಹೋದೆ. ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ನೀಲಿ ಮಾಸ್ಕು ನೇತಾಡುತ್ತಿತ್ತು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಅದನ್ನೇ ಹಾಕಿಕೊಂಡು ಒಳಗೆ ಹೋಗಿ, ಹಾಲು ಅಳೆಸಿ, ಬಂದು ಮತ್ತೆ ಮೊಳೆಗೆ ಸಿಕ್ಕಿಸುತ್ತಿದ್ದರು.

"ಏನ್ರೀ ಇದು?" ಎಂದೆ.

"ಮಾಸ್ಕ್ ಇಲ್ದೋರ್ ಹಾಲು ತಗಬ್ಯಾಡಿ ಅಂತ ಆರ್ಡರ್ ಆಗೈತೆ ಸಾ. ಅದ್ಕೇ ಎಲ್ರಿಗೂ ಅಂತ ಒಂದು ಮಡಗಿದೀನಿ," ಎಂದ ಡೈರಿಯ ಕಾರ್ಯದರ್ಶಿ, ಹೆಮ್ಮೆಯಿಂದ.

ಅದನ್ನು ಕೋಲಿನಲ್ಲಿ ಎತ್ತಿ ಸುಟ್ಟೆ. "ಈಗ ಹಾಲು ಎಂಗಾಕೋದು?" ಎಂದು ಸಾಲಿನವರೆಲ್ಲ ನನ್ನ ಮೇಲೇ ತಿರುಗಿಬಿದ್ದರು. ನನ್ನ ಚೀಲದಲ್ಲಿದ್ದ ಹೊಸ ಮಾಸ್ಕುಗಳನ್ನೆಲ್ಲ ಹಂಚಿದ ಮೇಲೆ ಸುಮ್ಮನಾದರು.

ಅಣ್ಣತಮ್ಮ ಇಬ್ಬರೂ ಗುಣವಾದರು. ಅಣ್ಣನಿಗೆ ಮಾಸ್ಕಿನ ವಿಷಯ ತಿಳಿಸಿದೆ. ಜ್ವರಕ್ಕೂ ಅಷ್ಟು ಸೋಲದವನು ಜಗಲಿಯ ಮೇಲೆ ಕುಸಿದು ಕೂತ.

"ಅವ್ನ ಬಾಯಿಗಾಕಿದ್ದುನ್ನ ನಾನ್ ಆಕ್ಕಂಡಿದ್ನಾ ಸಾ?" ಎಂದವನು ಎದ್ದು ಹೋಗಿ ಮೂರು ಚೊಂಬು ನೀರಿನಲ್ಲಿ ಬಾಯಿ ಮುಕ್ಕಳಿಸಿದ.