ತಂಗಿಯ ಪಂಪಿಗೊಂದು ಕಾರ್ಡು

ನನ್ನ ತಂಗಿಗೆ ದಮ್ಮು ಹತ್ತಿದ್ದು ಎರಡನೇ ಹೆರಿಗೆ ಆದಮೇಲೆ. ಅವಳನ್ನು ಕೊಟ್ಟಿದ್ದ ತುರ್ವಿಹಾಳದ ಗದ್ದೆಗಳಿಗೆ ಭತ್ತ ಕೊಯ್ಯುವ ಮಷೀನು ಇಳಿಯಿತೆಂದರೆ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಮನೆ ಸೇರುತ್ತಿದ್ದಳು. ಸಿಂಧನೂರಿನ ಡಾಕ್ಟರು ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟಿದ್ದರು. ಒಂದು, ಉಸಿರು ಕಟ್ಟಿದಾಗ ಎಳೆದುಕೊಳ್ಳುವುದು. ಇನ್ನೊಂದು, ಉಸಿರು ಕಟ್ಟಲಿ ಬಿಡಲಿ, ದಿನವೂ ಎರಡು ಹೊತ್ತು ಎಳೆದುಕೊಳ್ಳುವುದು. ಮೊದಲನೆಯದು ಅಗ್ಗ, ಎರಡನೆಯದು ತುಟ್ಟಿ. ಅವಳು ಅಗ್ಗದ್ದನ್ನಷ್ಟೇ ತರಿಸಿಕೊಳ್ಳುತ್ತಿದ್ದಳು.

"ಆರಾಮ ಇದ್ದಾಗ ಔಷಧ ಯಾಕ ಬೇ ಅಕ್ಕಾ? ಹಸಿವಿಲ್ಲದಾಗ ಉಂಡಂಗ ಆಗ್ತೈತಿ," ಎಂದು ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು.

ಲಿಂಗಸುಗೂರಿನಲ್ಲಿ ನಾನು, ನನ್ನ ಗಂಡ ಒಂದು ಜೆರಾಕ್ಸ್ ಅಂಗಡಿ ನಡೆಸುತ್ತೇವೆ. ನಮ್ಮ ಸಾಲಿನಲ್ಲೇ ಹೊಸದೊಂದು ಮೆಡಿಕಲ್ ಅಂಗಡಿ ಬಂತು. ತಿಂಗಳು ತಿಂಗಳು ಔಷಧ ಒಯ್ಯುವವರಿಗೆ ಅಲ್ಲಿ ರಿಯಾಯಿತಿ ಕಾರ್ಡು ಕೊಡುತ್ತಿದ್ದರು. ಡಾಕ್ಟರ ಚೀಟಿಯ ಜೊತೆಗೆ ಕಾರ್ಡು ತೋರಿಸಿದರೆ ತುಟ್ಟಿ ಪಂಪು ನಮ್ಮಂಥವರ ಕೈಗೆಟಕುವ ಬೆಲೆಗೆ ಇಳಿಯುತ್ತಿತ್ತು. ಒಂದು ಕಾರ್ಡಿಗೆ ಮನೆಯ ನಾಲ್ವರ ಹೆಸರು. ನಮ್ಮಿಬ್ಬರದು, ಮಗನದು ಬರೆಸಿ ನಾಲ್ಕನೆಯದಾಗಿ ತಂಗಿಯ ಹೆಸರು ಹೇಳಿದೆ.

"ಲಗ್ನ ಆದ ತಂಗಿ ನಿಮ್ಮ ಮನಿಯಾಕಿ ಆಗ್ತಾಳೇನ್ರಿ?" ಎಂದಳು ಕೌಂಟರಿನ ಹೆಣ್ಣುಮಗಳು.

"ಮತ್ಯಾರು ಆಗ್ತಾರವ್ವಾ?"

ಅವಳು ನಕ್ಕು ಬರೆದುಕೊಂಡಳು.

ಕಾರ್ಡು ನಡೆಯುತ್ತಿದ್ದುದು ಆ ಅಂಗಡಿಯೊಂದರಲ್ಲೇ. ಹಾಗಾಗಿ ತಿಂಗಳಿಗೊಮ್ಮೆ ನಾನು ಪಂಪು ತೆಗೆದುಕೊಂಡು ಬಸ್ ಹತ್ತಿ ಮಸ್ಕಿಗೆ ಹೋಗುತ್ತಿದ್ದೆ, ಅವಳು ಅತ್ತಲಿಂದ ಬರುತ್ತಿದ್ದಳು. ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಚಹಾ ಕುಡಿಯುತ್ತಿದ್ದೆವು. ಮದುವೆಯಾದಮೇಲೆ ಇಬ್ಬರೇ ಹಾಗೆ ಕೂತು ಮಾತಾಡಿದ್ದೇ ಇರಲಿಲ್ಲ. "ಔಷಧ ತರಾಕ ಹೊಂಟೀನಿ ಅಂದ್ರ ಮನ್ಯಾಗ ಯಾರೂ ಬ್ಯಾಡ ಅನ್ನಂಗಿಲ್ಲ ಬೇ. ದಮ್ಮಿನಿಂದ ಇಷ್ಟರ ಚೊಲೊ ಆತು," ಎನ್ನುತ್ತಿದ್ದಳು.

ಮೊದಲು ಒಳ್ಳೆಯದಾಯಿತು. ಮುಖದ ಕಳೆ ಮರಳಿತು. ಆಮೇಲೆ ಯಾಕೋ ಮತ್ತೆ ಇಳಿಯತೊಡಗಿದಳು. ಒಂದು ಮಾತು ಮುಗಿಸುವುದಕ್ಕೆ ನಡುವೆ ನಿಲ್ಲಬೇಕಾಗುತ್ತಿತ್ತು. ಸಿಂಧನೂರಿಗೆ ಕರೆದೊಯ್ದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ದಿನದ ಪಂಪು ಬಿಡದಂಗ ತಗೊಳ್ತೀರೇನಮ್ಮಾ?" ಎಂದರು. "ತಗೊಂತೀನ್ರಿ" ಎಂದಳು. ಹೊರಗೆ ಬಂದು ನಾನೂ ಕೇಳಿದೆ.

"ಲೇ, ಖರೇನೇ ಹಾಕ್ಕೊಳ್ಳಾಕತ್ತೀಯೋ ಇಲ್ಲೋ?"

"ಹಾಕ್ಕೊಳ್ಳಾಕತ್ತೀನಿ ಬೇ. ನೀ ತಂದು ಕೊಟ್ಟಿದ್ದು ಸುಮ್ನೆ ಇಡ್ತೀನೇನು?"

ಅವಳು ಸುಳ್ಳು ಹೇಳುವವಳಲ್ಲ. ನಂಬಿದೆ.

ಬೇಸಿಗೆ ಬೆಳೆಯ ಕೊಯ್ಲು ಮುಗಿದು ಪಕ್ಕದ ಗದ್ದೆಯವರು ಹುಲ್ಲಿಗೆ ಬೆಂಕಿ ಕೊಟ್ಟಿದ್ದರು. ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆಯಲು ಹೊರಬಂದ ತಂಗಿ ಹೊಗೆಯಲ್ಲಿ ಸಿಕ್ಕಿಕೊಂಡಳು. ಅಗ್ಗದ ಪಂಪು ಎಳೆದರೂ ಉಸಿರು ತಿರುಗಲಿಲ್ಲ. ಗಂಡ, ಮೈದುನ ಅವಳನ್ನು ಮೋಟರ್‌ಸೈಕಲ್ಲಿನ ಮೇಲೆ ನಡುವೆ ಕೂರಿಸಿಕೊಂಡು ಸಿಂಧನೂರಿಗೆ ಹೊರಟರು. ಪೇಟೆ ಮುಟ್ಟುವ ಮೊದಲೇ ಅವಳ ತಲೆ ಗಂಡನ ಬೆನ್ನಿಗೆ ಒರಗಿತಂತೆ. ನಿದ್ದೆ ಹತ್ತಿದೆ, ಉಸಿರು ಸರಿಹೋಗಿದೆ ಎಂದುಕೊಂಡೇ ಗಾಡಿ ಹೊಡೆದೆ ಎಂದು ಅವನು ಬಂದವರ ಮುಂದೆಲ್ಲ ಹೇಳಿ ಅಳುತ್ತಿದ್ದ.

ದಿನಕರ್ಮ ಮುಗಿದಮೇಲೆ ನಾನು ಊರಿಗೆ ಹೊರಡಲು ಚೀಲ ಕಟ್ಟುತ್ತಿದ್ದೆ. ತಂಗಿಯ ಅತ್ತೆ ಬಂದು ಹತ್ತಿರ ಕೂತಳು. ಆಕೆಯ ಎದೆಯಿಂದಲೂ ಸಣ್ಣಗೆ ಸಿಳ್ಳೆ ಬರುತ್ತಿತ್ತು. ಅಷ್ಟು ದಿನದ ಅಳುವಿನ ನಡುವೆ ಅದು ನನ್ನ ಕಿವಿಗೇ ಬಿದ್ದಿರಲಿಲ್ಲ. ಮುದುಕಿ ಸೊಂಟದ ಸಂಚಿಯಿಂದ ಒಂದು ಪಂಪು ತೆಗೆದಳು.

"ಇದು ಮುಗದೈತಿ ಯವ್ವಾ. ಆಕಿ ಕೊಡ್ತಿದ್ಲು. ಎದಿ ಹಗುರಾಗಿತ್ತು ಇದರಿಂದ. ಇನ್ನ ಯಾರನ್ನ ಕೇಳ್ಲಿ?"

ನಾನು ಮಸ್ಕಿಯಲ್ಲಿ ತಂಗಿಯ ಕೈಗಿಟ್ಟ ಪಂಪು ಅದು. ಇಸಿದುಕೊಂಡು ತಿರುಗಿಸಿ ನೋಡಿದೆ.

"ನಿನಗ ಬೇಕಲ್ಲವಾ ಅಂತ ಕೇಳಿದ್ದೆ. ಆ ಕಾರ್ಡಿಗೆ ಎರಡು ಕೊಡ್ತಾರತ್ತಿ, ನನಗ ಬ್ಯಾರೆ ಐತಿ ಅಂದ್ಲು. ಇತ್ತಲ್ಲ ಯವ್ವಾ ಆಕಿಗೆ?"

ನಾನು ತರುತ್ತಿದ್ದುದು ಒಂದೇ. ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂತು. ಮುದುಕಿಯ ಮೇಲೆ ಸಿಟ್ಟು, ನನಗೊಂದು ಮಾತೂ ಹೇಳದೆ ಕೊಟ್ಟುಬಿಟ್ಟ ತಂಗಿಯ ಮೇಲೆ ಇನ್ನೂ ಸಿಟ್ಟು. ಮುದುಕಿ ನನ್ನ ಬಾಯನ್ನೇ ನೋಡುತ್ತಿದ್ದಳು. ತಾಯಿಯಿಲ್ಲದ ಇಬ್ಬರು ಮಕ್ಕಳನ್ನು ನಾಳೆಯಿಂದ ಸಾಕಬೇಕಾದವಳು ಅವಳೇ.

"ಇತ್ತು ಅತ್ತಿ," ಎಂದೆ. "ಎರಡು ಕೊಡ್ತಾರ."

ಮುಂದಿನ ವಾರ ಮುದುಕಿಯನ್ನು ಅದೇ ಡಾಕ್ಟರ ಬಳಿ ಕರೆದೊಯ್ದು ಅವಳ ಹೆಸರಿಗೇ ಚೀಟಿ ಬರೆಸಿದೆ. ಮೆಡಿಕಲ್‌ನಲ್ಲಿ ಕೌಂಟರಿನ ಹೆಣ್ಣುಮಗಳು, "ನಾಕೂ ಹೆಸರು ತುಂಬ್ಯಾವಲ್ರಿ, ಒಂದು ತೆಗೀಬೇಕು. ಯಾರದು ತೆಗೀಲಿ?" ಎಂದಳು. ತಂಗಿ ಹೋದದ್ದು ಅವಳಿಗೆ ಗೊತ್ತಿರಲಿಲ್ಲ.

"ನಂದು ತೆಗೀರಿ," ಎಂದೆ.

ಈಗಲೂ ಮಸ್ಕಿಗೆ ಹೋಗುತ್ತೇನೆ. ಮುದುಕಿ ಸಣ್ಣ ಮೊಮ್ಮಗನ ಕೈ ಹಿಡಿದುಕೊಂಡು ಬಸ್ಸಿಳಿಯುತ್ತಾಳೆ. ಪಂಪು ಸಂಚಿಗೆ ಸೇರಿಸಿ, ಸೊಸೆಯನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾಳೆ. ಹೋದ ಸಲ, "ಉಸುರು ಈಗ ಚೊಲೊ ಐತಿ ಯವ್ವಾ, ಮಕ್ಕಳ ಹಿಂದ ಓಡಾಡಾಕ ಬರ್ತೈತಿ," ಎಂದಳು. ಕೇಳಿ ಸಮಾಧಾನವಾಯಿತು. ಅವಳ ಬಸ್ಸು ಹೊರಟಮೇಲೆ ಮಾತ್ರ ನನಗೆ ಕೂತಲ್ಲಿಂದ ಏಳಲಾಗಲಿಲ್ಲ. ಲಿಂಗಸುಗೂರಿನ ಬಸ್ಸೊಂದು ಬಂದು ಹೋಯಿತು. ಅದರ ನಂತರದ ಬಸ್ಸು ಹತ್ತಿದೆ.